ಯಾವ ಏಳು?

“ಏಳು, ಏಳು!” ಎಂದು ವಾಕಿಟಾಕಿ ಅರಚಿತು. ಬಿಸಿಗಾಳಿ ಬಲೂನಿನ ಬುಟ್ಟಿಯಲ್ಲಿ ನಾವು ಕಮಲಾಪುರದ ಬಾಳೆತೋಟಗಳ ಮೇಲೆ ತೇಲುತ್ತಿದ್ದೆವು. ನಮ್ಮ ಪೈಲಟ್, ಹೊಸಪೇಟೆಯ ಹುಡುಗ, ಕೂಡಲೇ ಬೆಂಕಿ ಜೋರು ಮಾಡಿದ. ಬಲೂನು ಏರತೊಡಗಿತು.

ನೆಲದ ಮೇಲಿಂದ ದಾರಿ ಹೇಳುತ್ತಿದ್ದ ಅವನ ಗೆಳೆಯ ವಾಕಿಟಾಕಿಯಲ್ಲಿ ಮತ್ತೆ ಕಿರುಚಿದ: “ಏರಬ್ಯಾಡಲೇ! ‘ಏಳು’ ಅಂದ್ರ ಏಳುನೂರು ಅಡಿಯಾಗ ನಿಲ್ಲು ಅಂತ. ನಿನ್ನ ನೆತ್ತಿ ಮ್ಯಾಲ ಇನ್ನೊಂದು ಬಲೂನ್ ಐತಿ!”

ಪೈಲಟ್ ಬೆಂಕಿ ಆರಿಸಿ, ಬಿಸಿಗಾಳಿ ಹೊರಬಿಡುವ ಹಗ್ಗ ಜಗ್ಗಿದ. ನಮ್ಮ ಬಲೂನೇ ಅಡ್ಡವಾಗಿ ಮೇಲಿನದು ನಮಗೆ ಕಂಡಿರಲಿಲ್ಲ. ಅದು ಪಕ್ಕಕ್ಕೆ ಸರಿದಾಗ ಅದರಲ್ಲಿದ್ದವರ ಮುಖಗಳೂ ಸ್ಪಷ್ಟವಾಗಿ ಕಂಡವು. ಅಷ್ಟು ಹತ್ತಿರ!

ಇಳಿದ ಮೇಲೆ, “ಇಂಗ್ಲಿಷಿನಾಗ ಹೇಳಿದ್ರ ಹಿಂಗ ಆಗ್ತಿರಲಿಲ್ಲೇನು?” ಎಂದು ಪೈಲಟ್‌ನನ್ನು ಕೇಳಿದೆ.

“ಅಲ್ಲೂ ಆಗ್ತೈತ್ರಿ. ‘ಟು’ ಅಂದ್ರ ಎರಡೋ, ಅಲ್ಲೀತನಕ ಅಂತನೋ? ಅದಕ್ಕ ವಿಮಾನದ ಪೈಲಟ್‌ಗಳು ಕೇಳಿಸಿದ್ದನ್ನ ತಿರುಗಿ ಹೇಳ್ತಾರ. ನಾ ಹೇಳಲಿಲ್ಲ ನೋಡ್ರಿ,” ಎಂದ.

ಮರುದಿನ ಬೆಳಿಗ್ಗೆ ಮಗಳನ್ನು “ಏಳು” ಎಂದು ಎಬ್ಬಿಸಿದೆ. “ಏಳು ಎಲ್ಲಾತಪ್ಪಾ? ಇನ್ನೂ ಆರೂವರಿ,” ಎಂದಳು ಹೊದಿಕೆಯೊಳಗಿಂದ. ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟೆ. ಅವಳು ಕೇಳಿಸಿದ್ದನ್ನು ತಿರುಗಿ ಹೇಳಿದ್ದಳು.