ಹೊಲದೊಳಗಿನ ಓಣಿ

ಆಡೂರಿನ ಆಚೆಗಿದ್ದ ನಮ್ಮ ಹಳೇ ಊರು ಪ್ಲೇಗಿಗೆ ಬರಿದಾಗಿ ಹತ್ತಿ ಹೊಲವಾಗಿತ್ತು. ಸರಕಾರಿ ಕಾಗದದಲ್ಲಿ ಅದು ‘ಬೇಚರಾಕ್’, ಅಂದರೆ ದೀಪವಿಲ್ಲದ ಊರು. ಅಲ್ಲಿ ಹುಟ್ಟಿದವರಲ್ಲಿ ೧೯೭೮ರ ಹೊತ್ತಿಗೆ ಬದುಕಿದ್ದವಳು ಅಡಿವೆವ್ವ ಒಬ್ಬಳೇ. ನಮ್ಮಲ್ಲಿ ಕಳೆ ತೆಗೆಯಲು ಬರುವಾಗ ಅವಳು ಆ ಹತ್ತಿ ಹೊಲವನ್ನು ಅಡ್ಡ ಹಾಯುತ್ತಿರಲಿಲ್ಲ. ಹಳೇ ಊರಿನ, ಈಗಿಲ್ಲದ ಓಣಿಗಳಲ್ಲೇ ಸುತ್ತಿ ಸುತ್ತಿ ಬರುತ್ತಿದ್ದಳು.

“ನೆಟ್ಟಗ ಬಾ ಬೇ, ಹೊತ್ತಾತು!” ಎಂದು ನಾನು ರೇಗಿದೆ.

“ಮಂದಿ ಉಣ್ಣಾಕ ಕುಂತಾರ. ಅವರ ಪಡಸಾಲಿ ತುಳಕೊಂಡು ಬರ್ಲೇನು?” ಎಂದಳು.

ಮುದುಕಿಗೆ ಅರಳುಮರಳು ಎಂದು ನಕ್ಕುಬಿಟ್ಟೆ.

ಅವಳು ಸತ್ತ ಮರುವರ್ಷ, ಸುಡುವ ಮಧ್ಯಾಹ್ನ, ಒಬ್ಬನೇ ಆ ಹೊಲವನ್ನು ಅಡ್ಡ ದಾಟುತ್ತಿದ್ದೆ. ನಡುವೆ ಒಂದು ಕಡೆ ಕಾಲು ತಾನಾಗಿ ನಿಂತಿತು. ಚಪ್ಪಲಿ ಕಳಚಿ, ಬರಿ ಹತ್ತಿ ಗಿಡಗಳ ಮುಂದೆ ಕೈಮುಗಿದು, “ಉಂಡ ಬಂದೇನ್ರಿ” ಎಂದೆ.

ನನ್ನನ್ನು ಯಾರೂ ಊಟಕ್ಕೆ ಕರೆದಿರಲಿಲ್ಲ.