ನೋಯದ ಕಾಲಿನ ಜಂಬ

ನನ್ನ ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರದ ಪೆಡಲನ್ನು ಬರಿಗಾಲಲ್ಲೇ ತುಳಿಯಬೇಕು ಎನ್ನುವುದು ಅವರ ಹಟ. ಸಕ್ಕರೆ ಕಾಯಿಲೆ ನನಗಿಂತ ಮೊದಲೇ ಈ ಮನೆಗೆ ಬಂದದ್ದು. ಮಾತ್ರೆ ನುಂಗಲು ಮರೆಯುವ ಮಾವ, ಅತ್ತೆ ಸಕ್ಕರೆ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟರೂ ಮರೆಯದೆ ಹುಡುಕುತ್ತಾರೆ.

ಈಚೆಗೆ ಸೂಜಿಗೆ ದಾರ ಪೋಣಿಸುವ ಕೆಲಸ ಗಿರಾಕಿಗಳ ಪಾಲಿಗೆ ಬಂದಿದೆ. "ನೋಡೋಣ, ನಿಮ್ಮ ಕಣ್ಣು ಎಷ್ಟು ಚುರುಕು ಅಂತ," ಎಂದು ಸೂಜಿ ಚಾಚುತ್ತಾರೆ. ಮಾವನ ಕಣ್ಣು ಮಂಜಾಗಿರುವುದು ಬೀದಿಗೆಲ್ಲ ಗೊತ್ತಿರುವ ಗುಟ್ಟು.

ಕಾಲಿನ ಬಗ್ಗೆಯಂತೂ ಜಂಬವೇ. "ಮೊದಲು ಸಂಜೆಯಾದ್ರೆ ಪಾದ ಉರಿಯೋದು. ಈಗ ದಿನವಿಡೀ ತುಳಿದ್ರೂ ಒಂಚೂರು ನೋವಿಲ್ಲ. ಇಪ್ಪತ್ತರ ಹುಡುಗನ ಕಾಲು ಕಣಮ್ಮ."

"ಬುದ್ಧೀನೂ ಅಷ್ಟರದ್ದೇ," ಎಂದು ಅತ್ತೆ ಒಳಗಿನಿಂದ.

ಮಗಳು ಅಂಬೆಗಾಲಿಡತೊಡಗಿದ ಮೇಲೆ ನಾನು ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ, ಬೆಳಿಗ್ಗೆ ಅಂಗಡಿಯ ನೆಲದ ಮೇಲೆಲ್ಲ ಎಳೆದಾಡುತ್ತೇನೆ. ಬಿದ್ದ ಗುಂಡುಸೂಜಿಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಒಂದು ದಿನ ಮಾವ ಕಾಲು ಚಾಚಿ ಕುಳಿತು ಬಟ್ಟೆ ಕತ್ತರಿಸುತ್ತಿದ್ದರು. ಅಯಸ್ಕಾಂತ ಅವರ ಅಂಗಾಲಿಗೆ ಅಂಟಿಕೊಂಡು ಕೂತುಬಿಟ್ಟಿತು.

"ಮಾವ, ನಿಮ್ಮ ಕಾಲು ಇದನ್ನ ಬಿಡ್ತಿಲ್ಲ."

"ಕಬ್ಬಿಣದಂಥ ಕಾಲು ಅಂದ್ರೆ ನೀವ್ಯಾರೂ ನಂಬಲಿಲ್ವಲ್ಲ," ಎಂದರು, ಕತ್ತರಿ ನಿಲ್ಲಿಸದೆ.

ಬಗ್ಗಿ ನೋಡಿದೆ. ಗುಂಡುಸೂಜಿಯೊಂದು ತಲೆಯವರೆಗೂ ಒಳಗೆ ಇಳಿದಿತ್ತು. ಸುತ್ತ ಊದಿ ಕೀವಾಗಿತ್ತು. ಯಾವಾಗ ಚುಚ್ಚಿತೆಂದು ಅವರಿಗೇ ತಿಳಿಯದು.

"ನೋವು ಅನ್ನೋದು ಕಾವಲು ನಾಯಿ, ಅಜ್ಜ," ಎಂದರು ಆಸ್ಪತ್ರೆಯಲ್ಲಿ ಸೂಜಿ ಕಿತ್ತ ಡಾಕ್ಟರಮ್ಮ. "ನಿಮ್ಮ ಸಕ್ಕರೆ ನರಗಳನ್ನ ಕೆಡಿಸಿ ಆ ನಾಯೀನ ಮಲಗಿಸಿಬಿಟ್ಟಿದೆ."

"ಕಳ್ಳ ಬಂದ್ರೂ ಬೊಗಳಲ್ಲ ಅನ್ನಿ."

"ನಗಬೇಡಿ. ರಕ್ತ ಸರಿಯಾಗಿ ಓಡ್ತಿಲ್ಲ, ಗಾಯ ಬೇಗ ಮಾಯಲ್ಲ. ಕೀವು ಮೂಳೆಗೆ ಇಳಿದ್ರೆ ಮೊದಲು ಬೆರಳು, ಆಮೇಲೆ ಪಾದವೇ ಹೋಗಬಹುದು. ಕಣ್ಣು ಮಂಜಾಗಿರೋದಕ್ಕೂ ಇದೇ ಕಾರಣ ಇರಬಹುದು, ಪರೀಕ್ಷೆ ಮಾಡಿಸಿ. ಮೂತ್ರಪಿಂಡ, ಹೃದಯ, ಯಾವುದನ್ನೂ ಇದು ಬಿಡಲ್ಲ."

ಮಾವನ ಮುಖ ಸಣ್ಣದಾಯಿತು. "ಪೆಡಲ್ ತುಳಿಯೋ ಕಾಲು ಅದು, ತಾಯಿ," ಎಂದರು ಮೆಲ್ಲಗೆ.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಮಾತ್ರೆ ತಪ್ಪಲಿಲ್ಲ, ಸಕ್ಕರೆ ಡಬ್ಬಿ ಕದಲಲಿಲ್ಲ. ಕೊನೆಗೆ ಡಾಕ್ಟರಮ್ಮ ಸಣ್ಣ ನೈಲಾನ್ ಎಳೆಯೊಂದನ್ನು ಹಿಡಿದು, "ಕಣ್ಣು ಮುಚ್ಚಿ, ಅಜ್ಜ. ಅಂಗಾಲು ಮುಟ್ಟಿದಾಗ ಹೂಂ ಅನ್ನಿ," ಎಂದರು.

"ಹೂಂ. ಹೂಂ. ಹೂಂ."

"ನಾನಿನ್ನೂ ಶುರುವೇ ಮಾಡಿಲ್ಲ."

ಸ್ಪರ್ಶ ಮರಳಿಲ್ಲ, ಇನ್ನು ಮರಳುವ ಭರವಸೆಯೂ ಇಲ್ಲವಂತೆ. ಕಾಲು ಉಳಿದಿದೆ. ಈಗ ಬೂಟು ಹಾಕಿಕೊಂಡೇ ತುಳಿಯುತ್ತಾರೆ. ಹಾಕುವ ಮುಂಚೆ ಅಂಗಾಲನ್ನು ನನಗೆ ತೋರಿಸಬೇಕು. ಇವತ್ತು ಕಾಲು ಹಿಂದಕ್ಕೆ ಎಳೆದುಕೊಂಡು ಜಾರಿಕೊಳ್ಳಲು ನೋಡಿದರು.

"ಏನೂ ನೋಯ್ತಿಲ್ಲಮ್ಮ."

"ಅದಕ್ಕೇ ತೋರಿಸಿ ಅಂತಿರೋದು, ಮಾವ."