ಮಾವನ ‘ಹ್ಞಾಂ’

ನ್ಯಾಮತಿಯ ನಮ್ಮ ಹಿತ್ತಲಲ್ಲಿ ದಿನವೂ ಕುಲುಮೆಯ ಹೊಗೆ ಏಳುತ್ತಿದ್ದ ದಿನಗಳವು. ನಾನು ಆರನೇ ಕ್ಲಾಸು. ಕಂಡವರ ದನಿಯೆಲ್ಲ ನನ್ನ ಗಂಟಲಲ್ಲಿತ್ತು: ಹೊನ್ನಾಳಿ ಬಸ್ಸಿನ ಕಂಡಕ್ಟರ್, ಗಣಿತದ ಮೇಷ್ಟ್ರು, ಸೀನುವಾಗಿನ ಅವ್ವ. ನನ್ನ ಸ್ವಂತ ದನಿ ಯಾವುದೆಂದು ಮಾತ್ರ ನನಗೇ ಗೊತ್ತಿರಲಿಲ್ಲ. ಮಾವ ನನ್ನನ್ನು ಕರೆಯುತ್ತಿದ್ದುದೇ ‘ರೇಡಿಯೋ’ ಅಂತ.

ಮಾವ ಅಂದರೆ ಅವ್ವನ ಅಣ್ಣ. ಗುಜರಿ ಕಬ್ಬಿಣದಲ್ಲಿ ಚಾಕು, ಈಳಿಗೆ ಮಾಡುತ್ತಿದ್ದರು. ಆ ಬೇಸಿಗೆ ರಜೆಯಲ್ಲಿ ಅವ್ವನಿಗೇ ಒಂದು ಈಳಿಗೆ ಆಗಬೇಕಿತ್ತು. ಅವಳು ಬಸ್‌ಸ್ಟ್ಯಾಂಡ್ ಬಳಿಯ ಖಾನಾವಳಿಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಹಳೆಯದು ಸವೆದು, ಕುಂಬಳಕಾಯಿ ಒತ್ತಿದರೆ ಕಾಯಿ ಜಾರಿ ಬೆರಳೇ ಅಲಗಿಗೆ ಸಿಗುತ್ತಿತ್ತು. ಎರಡು ಬೆರಳಿಗೆ ಸದಾ ಅರಿಶಿನ ಹಚ್ಚಿದ ಬಟ್ಟೆ.

ಕಬ್ಬಿಣ ಹುಡುಕಿ ತರುವುದು ನನ್ನ ಪಾಲಿಗೆ ಬಂತು. ಕಿಟಕಿ ಸರಳು, ಮಂಚದ ಪಟ್ಟಿ ಹೊತ್ತು ತಂದರೆ ಮಾವ ಸಾಣೆಗೆ ಹಿಡಿದು, ಕಿಡಿ ನೋಡಿ, ಎಸೆಯುತ್ತಿದ್ದರು.

“ಮೆತ್ತಗೈತೆ ಕಣೋ. ಇದ್ರಾಗ ಈಳಿಗೆ ಮಾಡಿದ್ರೆ ಬೆಣ್ಣೆ ಹೆಚ್ಚಾಕೆ ಆಗ್ತದೆ, ಅಷ್ಟೆ.”

ಬಿಸಿಲಲ್ಲಿ ಆರು ಸಲ ಅಲೆದ ಮೇಲೆ ಲಾರಿಯ ಸ್ಪ್ರಿಂಗಿನ ಕಮಾನು ಪಟ್ಟಿಯ ತುಂಡೊಂದು ಸಿಕ್ಕಿತು. ಕಿಡಿ ನೋಡಿ ಮಾವ ಅದನ್ನು ಎಸೆಯಲಿಲ್ಲ. ಅದೇ ಹೊಗಳಿಕೆ.

ನಾಲ್ಕು ದಿನ ಬಡಿದು, ತೀಡಿ, ಕೊನೆಗೆ ಅಲಗನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಹದ ಹಾಕುವ ದಿನ ಬಂತು. ನಮ್ಮಲ್ಲಿ ಬೆಂಕಿ ನೋಡುವವರು ಬೇರೆ, ಅದ್ದುವವರು ಬೇರೆ. ಇಕ್ಕಳ ಹಿಡಿದವರು ಎಣ್ಣೆ ಡಬ್ಬಿಯಿಂದ ಕಣ್ಣು ತೆಗೆಯಬಾರದು, ಅಲಗು ಸೊಟ್ಟ ಇಳಿದರೆ ಕೆಟ್ಟಿತು. ಮಾವ ಬಣ್ಣ ನೋಡಿ ‘ಹ್ಞಾಂ’ ಅಂದ ಕೂಡಲೇ ಅದ್ದಬೇಕು. ಕತ್ತಲಲ್ಲಿ ಬಣ್ಣ ಸರಿಯಾಗಿ ಕಾಣಲೆಂದು ಹಗಲಲ್ಲೇ ಕುಲುಮೆ ಗುಡಿಸಲಿನ ಬಾಗಿಲು ಮುಚ್ಚಿದ್ದೆವು. ಇಕ್ಕಳ ಅವ್ವನ ಕೈಲಿ, ಬೆಂಕಿಗೆ ಗಾಳಿ ಊದುವ ಚಕ್ರ ನನ್ನ ಕೈಲಿ. ಇದ್ದಿಲ ಘಾಟು, ತೋಳು ನೋವು, ಮಾವನ ‘ಹ್ಞಾಂ’ ಇನ್ನೂ ಬಂದಿಲ್ಲ. ನನ್ನ ಗಂಟಲು ತಡೆಯಲಿಲ್ಲ.

“ಹ್ಞಾಂ!” ಅಂದೆ. ಥೇಟ್ ಮಾವನ ದನಿ, ಮೂಗಿನ ಎಳೆತ ಸಮೇತ.

ಚೊಂಯ್! ಅವ್ವ ಅದ್ದಿಬಿಟ್ಟಿದ್ದಳು. ಅದ್ದುವಾಗ ಅಲಗಿನ ಬಾಯಿಯಷ್ಟೇ ಕೆಂಪಾಗಿತ್ತು, ಬೆನ್ನು ಇನ್ನೂ ಕಪ್ಪು.

“ನಾ ಎಲ್ಲಿ ಅಂದ್ನವ್ವಾ?” ಅಂದರು ಮಾವ.

“ನೀನೇ ಅಂದ್ಯಲ್ಲಣ್ಣಾ!”

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು.

ಮಾವ ಅಲಗನ್ನು ಒರೆಸಿ ಉಗುರಿನಿಂದ ತಟ್ಟಿದರು. ಚೆನ್ನಾಗಿದ್ದರೆ ಗಂಟೆಯ ಹಾಗೆ ಉಲಿಯುತ್ತದೆ. ಇದು ಗೊರ್ ಅಂದಿತು. ಬಾಯಿಂದ ಬೆನ್ನಿನ ತನಕ ಕೂದಲೆಳೆಯಷ್ಟು ಸೀಳು. ಮಾವ ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ಅಣಕಿಸಿ ಹಗುರಾಗುತ್ತಿದ್ದೆ. ಮರುದಿನ ಅವ್ವ ಹಳೇ ಈಳಿಗೆಯಲ್ಲೇ ಹೆಚ್ಚಲು ಕೂತಳು. ಸಂಜೆಗೆ ಮೂರನೇ ಬೆರಳಿಗೂ ಬಟ್ಟೆ.

ಅಂದಿನಿಂದ ಮಾವ ‘ಹ್ಞಾಂ’ ಅನ್ನುವುದನ್ನೇ ಬಿಟ್ಟರು. ನನ್ನನ್ನು ಹೊರಗೆ ನಿಲ್ಲಿಸಿ, ತಾವೇ ನೋಡಿ, ತಾವೇ ಅದ್ದುತ್ತಿದ್ದರು. ಮುಚ್ಚಿದ ಬಾಗಿಲಿನಾಚೆ ಬರೀ ಚೊಂಯ್ ಕೇಳುತ್ತಿತ್ತು.

ಈಗ ಮಾವನ ಕಣ್ಣು ಮಂಜು. ಕುಲುಮೆ ನನ್ನ ಕೈಲಿದೆ. ಕಮಾನು ಪಟ್ಟಿ ಬೇಕಾದಷ್ಟು ಸಿಗುತ್ತದೆ, ಮೊಬೈಲಿನಲ್ಲಿ ಪಾಠ ಹೇಳುವವರೂ ಬೇಕಾದಷ್ಟು ಜನ. ಆದರೂ ಈ ವರ್ಷ ನಾಲ್ಕು ಅಲಗು ಕೆಡಿಸಿದೆ. ಮೊನ್ನೆ ಐದನೆಯದು ಬೆಂಕಿಯಲ್ಲಿದ್ದಾಗ ಕೂಗಿದೆ, “ಮಾವಾ, ಯಾವಾಗ ಅದ್ದಲಿ?”

“ಬಣ್ಣ ಹೆಂಗೈತೆ?” ಬಾಗಿಲ ಬಳಿ ಕೂತಿದ್ದ ಮಾವ ಕೇಳಿದರು.

“ಕೆಂಪು.”

“ಎಂಥಾ ಕೆಂಪು?”

ಊರಿನ ದನಿಯೆಲ್ಲ ತೆಗೆಯುವ ಬಾಯಿಗೆ ಒಂದು ಕೆಂಪನ್ನು ಹೇಳಲು ಬರಲಿಲ್ಲ.

“ಅವತ್ತು ಕೇಳದೇ ಅಂದಿದ್ಯಲ್ಲೋ ರೇಡಿಯೋ,” ಮಾವ ನಕ್ಕರು. “ಈಗ ಅನ್ನು.”

“ಹ್ಞಾಂ!” ಅಂದೆ. ದನಿ ಒಂದಿಷ್ಟೂ ತಪ್ಪಲಿಲ್ಲ. ಅದ್ದಿದೆ, ಒರೆಸಿದೆ, ಉಗುರಿನಿಂದ ತಟ್ಟಿದೆ.

ಗೊರ್ ಅಂದಿತು.